ಏಳನೇ ಓಣಿಯ ಹಸಿರು ದೀಪ

ಇಳಿವು ೧೪೩, ಎರಡನೆಯ ವೈಶಾಖ, ಮೂವತ್ತೇಳನೆಯ ದಿನ
ತಳದೂರು, ಮೂರನೆಯ ಓಣಿ

ಪುಸ್ತಕದ ಕಪಾಟಿನ ಪಾಠವನ್ನು ಬರೆದವರಿಗೆ, ತಳದೂರಿನ ಅಮಾತೆಮ್ಮ ಮಾಡಿಕೊಳ್ಳುವ ವಿಜ್ಞಾಪನೆ.

ಮೇಲಿನ ತಾರೀಖನ್ನು ನೋಡಿ ನಗಬೇಡಿ. ನಿಮ್ಮ ಕಾಲದಲ್ಲಿ ವೈಶಾಖ ಒಂದೇ ಇತ್ತು, ಅದಕ್ಕೆ ಮೂವತ್ತು ದಿನವಷ್ಟೇ ಇದ್ದವು ಎಂದು ಕೇಳಿದ್ದೇನೆ. ಬೇಸಿಗೆ ಉದ್ದವಾಗುತ್ತ ಹೋದಾಗ ನಮ್ಮ ಹಿರಿಯರು ಹೊಸ ಹೆಸರು ಹುಡುಕುವ ಗೋಜಿಗೆ ಹೋಗದೆ ಇನ್ನೊಂದು ವೈಶಾಖವನ್ನು ಅದರ ಬೆನ್ನಿಗೆ ಕಟ್ಟಿದರು. ಅದೂ ಸಾಲದಾದಾಗ ದಿನಗಳನ್ನು ಸೇರಿಸಿದರು. ಇಳಿವು ಎಂದರೆ ನಮ್ಮವರು ನೆಲದ ಮೇಲಿನ ಬಾಳನ್ನು ಬಿಟ್ಟು ರಾಯಚೂರು ಸೀಮೆಯ ಒಂದು ಹಳೆಯ ಗಣಿಯೊಳಕ್ಕೆ ಇಳಿದ ವರ್ಷ. ಅಲ್ಲಿಂದ ನಮ್ಮ ಎಣಿಕೆ ಶುರುವಾಗುತ್ತದೆ. ನನ್ನ ಮಾತು ವಿಚಿತ್ರವಾಗಿ ಕೇಳಿಸಿದರೆ ಕ್ಷಮೆಯಿರಲಿ. ನಾನು ಕಲಿತ ಬರಹದ ಕನ್ನಡ ನಿಮ್ಮ ಕಾಲದ ಯಂತ್ರಗಳಲ್ಲಿ ಉಳಿದಿದ್ದ ಕಾಗದಪತ್ರಗಳಿಂದ ಬಂದದ್ದು. ಅವುಗಳಲ್ಲಿ ಹೆಚ್ಚಿನವು ಅರ್ಜಿಗಳು. ಆದ್ದರಿಂದ ಏನು ಬರೆದರೂ ಯಾವುದೋ ಕಚೇರಿಯ ಮುಂದೆ ನಿಂತವಳ ಧಾಟಿ ಬಂದುಬಿಡುತ್ತದೆ.

ನಮ್ಮಲ್ಲಿ ಹಿನ್ನೋಲೆ ಎಂಬ ಪದ್ಧತಿಯಿದೆ. ಶಿಕ್ಷೆಗೆಂದು ಮೇಲಕ್ಕೆ, ಅಂದರೆ ಬಿಸಿಲಿಗೆ, ಹೋಗುವವರು ತೊಟ್ಟಿಲು ಹತ್ತುವ ಮುಂಚೆ ತಮಗಿಂತ ಹಿಂದೆ ಬದುಕಿದ್ದ ಯಾರಾದರೊಬ್ಬರಿಗೆ ಪತ್ರ ಬರೆದು ಗಣಿಯ ಗೋಡೆಯ ಬಿರುಕಿನಲ್ಲಿ ಇಡಬೇಕು. ತೊಟ್ಟಿಲು ಎಂದರೆ ಹಗ್ಗಕ್ಕೆ ಕಟ್ಟಿದ ಕಬ್ಬಿಣದ ಪಂಜರ, ಕೂಸು ತೂಗುವಂಥದಲ್ಲ. ಮುಂದಿನವರಿಗೆ ನಮ್ಮ ತಪ್ಪು ಹೇಗೂ ಗೊತ್ತಾಗುತ್ತದೆ, ಹಿಂದಿನವರಿಗೆ ನಾವೇ ಹೇಳಬೇಕು ಎಂಬುದು ಹಿರಿಯರ ವಿಚಾರ. ಪತ್ರ ತಲುಪುತ್ತದೆ ಎಂದು ಯಾರೂ ನಂಬುವುದಿಲ್ಲ. ಹೆಚ್ಚಿನವರು ಅಜ್ಜಿಗೋ ಮುತ್ತಜ್ಜನಿಗೋ ನಾಲ್ಕು ಸಾಲು ಗೀಚಿ ಕೈತೊಳೆದುಕೊಳ್ಳುತ್ತಾರೆ. ನಾನು ನಿಮಗೆ ಬರೆಯುತ್ತಿದ್ದೇನೆ, ಏಕೆಂದರೆ ಈ ವಿಷಯದಲ್ಲಿ ನಿಮ್ಮದೂ ಒಂದು ವಾಕ್ಯವಿದೆ. ನಲವತ್ತೊಂದು ಜನ ಸತ್ತಿದ್ದಾರೆ. ಆ ತಪ್ಪು ನನ್ನದು. ಅದನ್ನು ಹೊತ್ತುಕೊಂಡು ಖಾಜಾ ಹುಸೇನ ಎಂಬ ಮನುಷ್ಯ ನಾಲ್ಕು ತಿಂಗಳಿಂದ ಮೇಲೆ ಬೇಯುತ್ತಿದ್ದಾನೆ. ಅವನನ್ನು ಕೆಳಗೆ ತರಲೆಂದು ನಾಳೆ ನಾನು ಹೋಗುತ್ತಿದ್ದೇನೆ.

ನಾವು ಬಾಳುವ ಬಗೆಯನ್ನು ಹೇಳದಿದ್ದರೆ ಮುಂದಿನದು ಅರ್ಥವಾಗದು. ಗಣಿಯಲ್ಲಿ ಒಂದರ ಕೆಳಗೊಂದು ಏಳು ಸುರಂಗಗಳಿವೆ. ಅವನ್ನು ಓಣಿ ಎನ್ನುತ್ತೇವೆ. ಮುನ್ನೂರು ಚಿಲ್ಲರೆ ಜನ ಇದ್ದೇವೆ, ಅಥವಾ ಇದ್ದೆವು. ಮೇಲಿನ ಫ್ಯಾನು ಒಂದೇ ಇರುವುದರಿಂದ ಅದು ಒಮ್ಮೆಗೆ ಒಂದು ಓಣಿಗಷ್ಟೇ ಗಾಳಿ ದೂಡಬಲ್ಲದು. ಹೀಗಾಗಿ ಪ್ರತಿ ಓಣಿಗೂ ದಿನಕ್ಕೆ ಎರಡು ತಾಸಿನ ಗಾಳಿಪಾಳಿ. ಪಾಳಿ ಬಂದಾಗ ಓಣಿಯ ಬಾಯಿಯ ಕಬ್ಬಿಣದ ಗೇಟು ತೆರೆಯುತ್ತದೆ, ಓಣಿಯ ನಡುವೆ ತೂಗುಹಾಕಿದ ಹಲಗೆಯಲ್ಲಿ ಕೆಂಪು ದೀಪ ಆರಿ ಹಸಿರು ಹತ್ತುತ್ತದೆ. ಹಸಿರು ಕಂಡೊಡನೆ ಜನ ಮೇಲಿನ, ಕೆಳಗಿನ ಓಣಿಗಳಿಗೆ ಹೋಗುವ ಮಗ್ಗುಲ ಬಾಗಿಲುಗಳನ್ನು ಮುಚ್ಚಿ ಸಂದಿಗೆಲ್ಲ ಒದ್ದೆ ಬಟ್ಟೆ ತುರುಕುತ್ತಾರೆ. ಬಾಗಿಲು ಮುಚ್ಚದಿದ್ದರೆ ಗಾಳಿ ಅರ್ಧ ದಾರಿಯಲ್ಲೇ ಸೋರಿಹೋಗುತ್ತದೆ. ನಮ್ಮ ಪಾಳಿಯ ಗಾಳಿ ಪಕ್ಕದವರ ಪಾಲಾಗಬಾರದೆಂಬ ಜಿಪುಣತನವೂ ಅದರಲ್ಲಿದೆ, ಒಪ್ಪುತ್ತೇನೆ. ಆಮೇಲೆ ಎಲ್ಲರೂ ಮಲಗುತ್ತಾರೆ. ತಲೆನೋವಿಲ್ಲದ ನಿದ್ದೆ ನಮಗೆ ದಕ್ಕುವುದು ಆ ಎರಡು ತಾಸು ಮಾತ್ರ.

ಇಲ್ಲಿ ಯಾರೂ ಓಡುವುದಿಲ್ಲ. ಓಡಿದರೆ ಪಂಚರು ಕರೆದು ಬೈಯುತ್ತಾರೆ. ಮದುವೆಯ ಮುಹೂರ್ತವನ್ನು ಗಾಳಿಪಾಳಿ ನೋಡಿ ಇಡುತ್ತೇವೆ, ಹಾಗಾದರೆ ನಾಲ್ಕು ಹಾಡು ಹೆಚ್ಚು ಹಾಡಬಹುದು. ಕೂಸು ಜೋರಾಗಿ ಅತ್ತರೆ ಓಣಿಗೆ ಓಣಿಯೇ ಖುಷಿಪಡುತ್ತದೆ, ಗಾಳಿ ಚೆನ್ನಾಗಿದೆ ಎಂದು. ಜಗಳಕ್ಕೆ ನಿಂತ ಹೆಂಗಸರು ಒಬ್ಬರಿಗೊಬ್ಬರು ನಿನ್ನ ಹಲಗೆ ಕೆಂಪಾಗ ಎಂದು ಶಪಿಸುತ್ತಾರೆ. ದೀಪದ ಬೆಳಕಿಗೆ ಬೆಳೆದ ಬಡಕಲು ಜೋಳದ ರೊಟ್ಟಿ, ಅಣಬೆಯ ಹಿಂಡಿ, ಗೋಡೆಯಿಂದ ತೊಟ್ಟಿಕ್ಕಿದ ನೀರು ನಮ್ಮ ಊಟ. ಇದನ್ನೆಲ್ಲ ಕರುಣೆಗಾಗಿ ಹೇಳುತ್ತಿಲ್ಲ, ಅಭ್ಯಾಸವಾಗಿದೆ. ಏಳನೆಯ ಓಣಿಯದೊಂದು ಬೇರೆ ಕಷ್ಟ. ಅದು ಎಲ್ಲಕ್ಕಿಂತ ಕೆಳಗಿನದು. ಗಣಿಯ ಕೆಟ್ಟಗಾಳಿ ಅಲ್ಲಿ ಮಡುಗಟ್ಟುತ್ತದೆ, ಗೇಟು ತೆರೆದರೂ ಒಳ್ಳೆಯ ಗಾಳಿ ಅಲ್ಲಿಗೆ ಮುಟ್ಟಲು ಅರ್ಧ ತಾಸು ಬೇಕು. ಹೀಗಾಗಿ ಅಲ್ಲಿಯವರು ಮುಖಕ್ಕೆ ಗಾಳಿ ತಾಗುವವರೆಗೆ ಕಾಯುತ್ತಿರಲಿಲ್ಲ, ದೀಪವನ್ನು ನಂಬಿ ಮಲಗುತ್ತಿದ್ದರು.

ಇನ್ನು ಕಿಟಕಿಯ ವಿಷಯ. ನಿಮ್ಮ ಕಾಲದಲ್ಲಿ ಗೋಡೆಯಲ್ಲಿ ತೂತು ಕೊರೆದು ಅದಕ್ಕೆ ಕಿಟಕಿ ಎನ್ನುತ್ತಿದ್ದರಂತೆ, ಅದರಿಂದ ಗಾಳಿ ಪುಕ್ಕಟೆ ಬರುತ್ತಿತ್ತಂತೆ. ನಮಗೆ ಕಿಟಕಿ ಎಂದರೆ ಕಂಪ್ಯೂಟರಿನ ಪರದೆಯ ಮೇಲೆ ತೆರೆದುಕೊಳ್ಳುವ ಚೌಕ, ಅಷ್ಟೇ. ಇರುವುದು ಒಂದೇ ಡೆಸ್ಕ್‌ಟಾಪ್. ಹದಿನಾಲ್ಕು ಸತ್ತ ಯಂತ್ರಗಳ ಅಂಗಾಂಗಗಳನ್ನು ಕಿತ್ತು ಜೋಡಿಸಿದ್ದು, ಕೀಲಿಮಣೆಯ ಅಕ್ಷರಗಳು ಸವೆದುಹೋಗಿ ಬೆರಳಿನ ನೆನಪೇ ಗತಿಯಾಗಿದೆ. ನಮ್ಮ ಚಿಗವ್ವನ ನಂತರ ಮೂವತ್ತು ವರ್ಷ ಅದನ್ನು ನೋಡಿಕೊಂಡವಳು ನಾನು. ಆ ಯಂತ್ರದ ಹೊಟ್ಟೆಯಲ್ಲಿ ನಿಮ್ಮ ಪಾಠ ಸಿಕ್ಕಿತ್ತು. ಒಂದು ಪುಟ್ಟ ಕಿಟಕಿ, ಅದರಲ್ಲಿ ಪುಸ್ತಕಗಳ ಪಟ್ಟಿ, ಕೆಳಗೆ ಸೇರಿಸು, ತೆಗೆ ಎಂಬ ಎರಡು ಗುಂಡಿ. ಯಾವುದೋ ಶಾಲೆಯ ಮಕ್ಕಳಿಗೆಂದು ಬರೆದದ್ದಿರಬೇಕು. ನಿಮ್ಮ ಹೆಸರನ್ನು ಅದರಲ್ಲಿ ಎಲ್ಲೂ ಬರೆದಿಲ್ಲ. ಪುಸ್ತಕದ ಕಪಾಟನ್ನು ನಾನು ಕಣ್ಣಿಂದ ಕಂಡವಳಲ್ಲ, ಆದರೆ ನೀವು ಕಲಿಸಿದ ರೀತಿ ಎಷ್ಟು ನೇರವಾಗಿತ್ತೆಂದರೆ ಹದಿನೇಳರ ವಯಸ್ಸಿನಲ್ಲಿ ಒಂದೇ ಓದಿಗೆ ತಲೆಗೆ ಹತ್ತಿತು.

ನೀವು ಹೇಳಿದ್ದಿಷ್ಟು. ಕೆಲಸವನ್ನು ಮೂರು ಭಾಗ ಮಾಡಿ. ಮಾಡೆಲ್ ಎಂಬುದು ನಿಜಸ್ಥಿತಿಯನ್ನು ಇಟ್ಟುಕೊಳ್ಳುವ ಜಾಗ: ಕಪಾಟಿನಲ್ಲಿ ಏನಿದೆ ಎಂದು ಅದಕ್ಕೆ ಗೊತ್ತು, ಯಾರು ನೋಡುತ್ತಿದ್ದಾರೆ ಎಂಬ ಗೊಡವೆ ಅದಕ್ಕೆ ಬೇಡ. ವ್ಯೂ ತೋರಿಸುವ ಜಾಗ: ಅದು ಮಾಡೆಲನ್ನು ಕೇಳಿ ಬರೆಯಬೇಕೇ ಹೊರತು ತನ್ನ ಮನಸ್ಸಿಗೆ ಬಂದದ್ದನ್ನು ಬರೆಯಬಾರದು. ಕಂಟ್ರೋಲರ್ ಗುಂಡಿ ಒತ್ತಿದ್ದನ್ನು ಕೇಳಿಸಿಕೊಂಡು ಆಗಬೇಕಾದ ಕೆಲಸಕ್ಕೆ ಆಜ್ಞೆ ಕೊಡುತ್ತದೆ, ಅಲ್ಲಿಗೆ ಅದರ ಕೆಲಸ ಮುಗಿಯಿತು. ಮಾಡೆಲಿನಲ್ಲಿ ಏನಾದರೂ ಬದಲಾದರೆ ಅದು ಬದಲಾಯಿತು ಎಂದು ಕೂಗುತ್ತದೆ. ಕೂಗು ಕೇಳಿದ ವ್ಯೂಗಳು ಬಂದು, ಕೇಳಿ, ಹೊಸದಾಗಿ ಬರೆದುಕೊಳ್ಳುತ್ತವೆ. ನಾವು ಇವುಗಳಿಗೆ ತಿರುಳು, ನೋಟ, ನಡುವಿನವ ಎಂದು ಹೆಸರಿಟ್ಟಿದ್ದೇವೆ. ನಿಮ್ಮ ಕಪಾಟಿನ ಜಾಗದಲ್ಲಿ ನಾನು ಏಳು ಗೇಟುಗಳನ್ನಿಟ್ಟೆ. ಗೇಟು ಪೂರ್ತಿ ತೆರೆದಾಗ ಅದರ ಕಬ್ಬಿಣ ಒಂದು ಮೊಳೆಗೆ ತಾಗಿ ತಂತಿಯಲ್ಲಿ ಸುದ್ದಿ ಬರುತ್ತದೆ. ಆ ಸುದ್ದಿ ಬಂದರೆ ಮಾತ್ರ ತಿರುಳು ತೆರೆದಿದೆ ಎಂದು ಬರೆದುಕೊಳ್ಳುತ್ತದೆ. ಕಿಟಕಿಯೂ ಓಣಿಯ ಹಲಗೆಯೂ ನೋಟಗಳು. ತಿರುಳು ಹೇಳಿದರೆ ಹಸಿರು, ಇಲ್ಲದಿದ್ದರೆ ಕೆಂಪು. ಇಪ್ಪತ್ತೆಂಟು ವರ್ಷ ಅದು ಒಂದು ದಿನವೂ ತಪ್ಪಲಿಲ್ಲ. ನನಗೆ ಅದರ ಬಗ್ಗೆ ಸೊಕ್ಕಿತ್ತು ಎಂದರೂ ನಡೆದೀತು.

ಕಿಟಕಿಯ ಮುಂದೆ ಕೂತು ಗುಂಡಿ ಒತ್ತುವ ಕೆಲಸ ಖಾಜಾನದು. ಹಾಸ್ಯದ ಮನುಷ್ಯ, ಆದರೆ ಗುಂಡಿಯ ವಿಷಯದಲ್ಲಿ ಮಹಾ ಗಂಭೀರ. ಗೇಟು ಪೂರ್ತಿ ತೆರೆಯಲು ಹನ್ನೊಂದು ಸೆಕೆಂಡು ಬೇಕು. ಆ ಹನ್ನೊಂದು ಸೆಕೆಂಡು ಹಲಗೆ ಕೆಂಪಾಗಿಯೇ ಇರುತ್ತಿತ್ತು. ಪಾಳಿಗೆ ಕಾದು ಕೂತವರಿಗೆ ಅಷ್ಟೂ ತಾಳ್ಮೆ ಇರಲಿಲ್ಲ. "ಏನ್ ಖಾಜಾ, ನಿದ್ದಿ ಹೊಡೀತೀ ಏನು?" ಎಂದು ಓಣಿಯಿಂದ ಓಣಿಗೆ ದನಿ ಮುಟ್ಟಿಸುವ ಕೊಳವೆಯಲ್ಲಿ ಕೂಗುವರು. ಅವನು ಗಾಬರಿಬಿದ್ದು ಇನ್ನೊಮ್ಮೆ ಒತ್ತುವನು. ಎರಡನೆಯ ಒತ್ತು ಮುಚ್ಚು ಎಂದಾಗಿ, ಅರ್ಧ ತೆರೆದ ಗೇಟು ಹಿಂದಕ್ಕೆ ಹೋಗಿ, ಮತ್ತೆ ಮೊದಲಿನಿಂದ ಶುರು. ಒಂದು ದಿನ ಬಂದು ನನ್ನ ಮುಂದೆ ಕೂತ. "ಯವ್ವಾ, ಒತ್ತೀನಿ ಅಂತ ಗೊತ್ತಾಗಂಗ ಏನರ ಮಾಡಬೇ. ಮಂದಿ ಬಾಯಿ ತಡಕೊಳ್ಳಾಕ ಆಗವಲ್ದು" ಎಂದ. ಅವನು ಕೇಳಿದ್ದು ನ್ಯಾಯವಾಗಿತ್ತು. ತೆರೆಯುತ್ತಿದೆ ಎಂಬ ಮೂರನೆಯ ಸ್ಥಿತಿಯನ್ನು ತಿರುಳಿಗೆ ಕಲಿಸಿ, ನೋಟಕ್ಕೆ ಒಂದು ಹಳದಿ ಬಣ್ಣ ಕೊಟ್ಟಿದ್ದರೆ ಸಾಕಿತ್ತು. ಅದು ಎರಡು ದಿನದ ಕೆಲಸ.

ನಾನು ಎರಡು ದಿನ ಕೂರಲಿಲ್ಲ. ನಿಮ್ಮ ಪಾಠದ ಕೊನೆಯಲ್ಲಿ ಒಂದು ವಾಕ್ಯವಿದೆ. ನಿಮಗೆ ನೆನಪಿರಲಿಕ್ಕಿಲ್ಲ, ನನಗೆ ಅಕ್ಷರ ಅಕ್ಷರ ಬಾಯಿಗೆ ಬರುತ್ತದೆ. "ಇದು ಸಣ್ಣ ಅಪ್ಲಿಕೇಶನ್ ಆದ್ದರಿಂದ, ಬೇಕಿದ್ದರೆ ಗುಂಡಿಯ ಕೆಲಸದಲ್ಲೇ ಕಿಟಕಿಯನ್ನು ನೇರವಾಗಿ ಬದಲಾಯಿಸಿದರೂ ನಡೆಯುತ್ತದೆ." ನಡೆಯುತ್ತದೆ ಎಂದಿರಿ, ನಾನು ನಡೆಸಿದೆ. ನಡುವಿನವನ ಭಾಗದಲ್ಲಿ, ಗೇಟಿಗೆ ಆಜ್ಞೆ ಕೊಡುವ ಸಾಲಿನ ಕೆಳಗೆ, ಒಂದೇ ಒಂದು ಸಾಲು ಸೇರಿಸಿದೆ: ಗುಂಡಿ ಒತ್ತಿದೊಡನೆ ಕಿಟಕಿಗೂ ಹಲಗೆಗೂ ಹಸಿರು ಬಳಿ. ಮುಚ್ಚುವಾಗ ಹಾಗೆಯೇ ಕೆಂಪು. ತಿರುಳನ್ನು ಕೇಳುವ ಗೋಜೇ ಇಲ್ಲ. ಹನ್ನೊಂದು ಸೆಕೆಂಡಿನಲ್ಲಿ ಗೇಟು ಹೇಗೂ ತೆರೆಯುತ್ತದಲ್ಲ, ಆಗ ತಿರುಳೂ ಹಸಿರು ಎನ್ನುತ್ತದೆ, ಎರಡೂ ಒಂದಾಗುತ್ತವೆ. ಜನ ಮೆಚ್ಚಿದರು. ಖಾಜಾ ಒಂದು ಬೊಗಸೆ ಅಣಬೆ ತಂದುಕೊಟ್ಟ. ಎರಡು ವರ್ಷದಲ್ಲಿ ನಾನು ಆ ಸಾಲನ್ನು ಮರೆತೇಬಿಟ್ಟೆ. ಇದನ್ನು ನೆವ ಎಂದು ತಿಳಿಯಬೇಡಿ, ನಿಜವಾಗಿಯೂ ಮರೆತಿದ್ದೆ.

ಕಳೆದ ಮಾಘದ ಒಂದು ಮಧ್ಯಾಹ್ನ ಏಳನೆಯ ಓಣಿಯ ಪಾಳಿ. ಖಾಜಾನ ಮನೆಯೂ ಅದೇ ಓಣಿಯಲ್ಲಿ. ಅವನ ಹೆಂಡತಿ ಮಾಬವ್ವ ಒದ್ದೆ ಬಟ್ಟೆ ತುರುಕುವುದರಲ್ಲಿ ಬಲು ಚುರುಕು, ಅವಳು ಮುಚ್ಚಿದ ಬಾಗಿಲಿನಲ್ಲಿ ಒಂದು ನೂಲಿನಷ್ಟೂ ಗಾಳಿ ಸೋರುವುದಿಲ್ಲ ಎಂದು ಹೆಸರಾಗಿದ್ದಳು. ಖಾಜಾ ಗುಂಡಿ ಒತ್ತಿದ. ಕಿಟಕಿ ಹಸಿರಾಯಿತು, ಹಲಗೆ ಹಸಿರಾಯಿತು. ಗೇಟು ತೆರೆಯಲಿಲ್ಲ. ಏನೂ ಬದಲಾಗದ ಕಾರಣ ತಿರುಳು ಕೂಗಲಿಲ್ಲ, ಕೂಗದ ಕಾರಣ ಯಾವ ನೋಟವೂ ಬಂದು ಕೇಳಲಿಲ್ಲ, ನಾನು ಬಳಿದ ಹಸಿರು ಹಾಗೆಯೇ ಎರಡು ತಾಸು ಉರಿಯಿತು. ಕೆಳಗೆ ಜನ ಬಾಗಿಲುಗಳನ್ನು ಭದ್ರವಾಗಿ ಮುಚ್ಚಿ, ಮಕ್ಕಳನ್ನು ತಟ್ಟಿ ಮಲಗಿಸಿ, ತಾವೂ ಮಲಗಿದರು. ಎರಡು ತಾಸಾದ ಮೇಲೆ ಖಾಜಾ ನಿಯಮದಂತೆ ಮುಚ್ಚು ಒತ್ತಿದ, ಎಲ್ಲ ಕೆಂಪಾಯಿತು. ಆರನೆಯ ಓಣಿಯವರು ಮಗ್ಗುಲ ಬಾಗಿಲು ಬಡಿದು ಬಡಿದು ಕೊನೆಗೆ ಒಡೆದಾಗ ಒಳಗೆ ಎಚ್ಚರವಿದ್ದವರು ಯಾರೂ ಇರಲಿಲ್ಲ. ನಲವತ್ತೊಂದು ಜನ. ಮಾಬವ್ವ ಬಾಗಿಲಿನ ಹತ್ತಿರವೇ ಮಲಗಿದ್ದಳಂತೆ. ನಾನು ಹೋಗಿ ನೋಡಲಿಲ್ಲ, ನನ್ನಿಂದ ಆಗಲಿಲ್ಲ.

ಪಂಚರು ಕೂತರು. ಹಿರಿಯಳು ನೀಲಗಂಗವ್ವ, ಎಂಬತ್ತರ ಹೆಂಗಸು, ಮಾತು ಕಡಿಮೆ. ಕೈಯಿಂದ ದೂಡಿ ನೋಡಿದಾಗ ಗೇಟು ಸರಾಗವಾಗಿ ತೆರೆಯಿತು, ಗುಂಡಿಗೂ ತೆರೆಯಿತು. ಹಾಗಾದರೆ ಖಾಜಾ ಗುಂಡಿ ಒತ್ತಲಿಲ್ಲ, ಕೆಳಗಿನವರು ರೂಢಿಯಂತೆ ಹಲಗೆ ನೋಡದೆಯೇ ಬಾಗಿಲು ಮುಚ್ಚಿದರು, ತಪ್ಪು ಮನುಷ್ಯನದೇ ಎಂದಾಯಿತು. ಖಾಜಾ ಎದ್ದು ನಿಂತು, "ಹಸಿರು ಬಂದಿತ್ರೀ. ಈ ಕಣ್ಣೀಲೆ ನೋಡೀನಿ. ಮಾಬವ್ವ ಅಲ್ಲೇ ಇದ್ಳಲ್ರೀ, ನಾ ಹೆಂಗ ಮರೀತೀನಿ?" ಎಂದ. ತಿರುಳು ಏನು ಹೇಳುತ್ತದೆ ಎಂದು ನೀಲಗಂಗವ್ವ ನನ್ನನ್ನು ಕೇಳಿದಳು. ನಾನು ಓದಿ ಹೇಳಿದೆ: ಏಳನೆಯ ಗೇಟು, ಆ ಇಡೀ ದಿನ, ಮುಚ್ಚಿದೆ. ಅದರಲ್ಲಿ ಸುಳ್ಳು ಬರುವುದುಂಟೋ ಎಂದು ಕೇಳಿದಳು. "ತಿರುಳು ಸುಳ್ಳು ಹೇಳಂಗಿಲ್ರೀ" ಎಂದೆ. ನಾನು ಹೇಳಿದ್ದು ನೂರಕ್ಕೆ ನೂರು ಸತ್ಯ. ಸುಳ್ಳು ಹೇಳಿದ್ದು ನೋಟ, ಅದರ ಬಗ್ಗೆ ಯಾರೂ ಕೇಳಲಿಲ್ಲ, ನನಗೂ ಹೊಳೆಯಲಿಲ್ಲ. ಖಾಜಾ ನನ್ನ ಕಡೆ ನೋಡಿದ. ಯವ್ವಾ ನೀನರ ಹೇಳಬೇ ಎನ್ನುವ ಹಾಗೆ ನೋಡಿದ. ನಾನು ಪರದೆಯ ಕಡೆ ನೋಡುತ್ತಿದ್ದೆ. ಆರನೆಯ ದಿನ ಅವನನ್ನು ತೊಟ್ಟಿಲಿನಲ್ಲಿ ಮೇಲಕ್ಕೆ ಕಳಿಸಿದರು, ಬಿಸಿಲು ಹಿಡಿದು ಫ್ಯಾನಿಗೆ ಕರೆಂಟು ಕೊಡುವ ಹಲಗೆಗಳನ್ನು ಒರೆಸುವ ಕೆಲಸಕ್ಕೆ. ಅಲ್ಲಿ ಎರಡು ಬೇಸಿಗೆ ಉಳಿದವರು ಬಹಳ ಕಡಿಮೆ.

ಒಂಬತ್ತನೆಯ ದಿನ ಗೇಟುಗಳನ್ನು ರಿಪೇರಿ ಮಾಡುವ ಯಂಕೋಬ ಅಂಗೈಯಲ್ಲಿ ಏನನ್ನೋ ಹಿಡಿದುಕೊಂಡು ಬಂದ. ಹುಣಸೆ ಬೀಜದಷ್ಟು ದೊಡ್ಡ ಕಲ್ಲು, ಒಂದು ಮಗ್ಗುಲು ನುಣ್ಣಗೆ ಸವೆದಿತ್ತು. "ಏಳರ ಗೇಟಿನ ಹಲ್ಲಿನ ಗಾಲಿ ಬುಡಕ ಬಿದ್ದಿತ್ತು. ಸಿಕ್ಕೊಂಡು ಆಮ್ಯಾಲ ಉಚ್ಚಿ ಬಿದ್ದಿರಬೇಕು. ಏನೂ ಇರಲಿಕ್ಕಿಲ್ಲ ಬಿಡ್ರೀ" ಎಂದು ಮೇಜಿನ ಮೇಲಿಟ್ಟು ಹೋದ. ಗೇಟು ಸಿಕ್ಕಿಕೊಂಡಿದ್ದರೆ ಖಾಜಾ ಗುಂಡಿ ಒತ್ತಿರಲೂಬಹುದು. ಒತ್ತಿದ್ದರೆ ಕಿಟಕಿ ಕೆಂಪಾಗಿಯೇ ಇರಬೇಕಿತ್ತು, ಅವನು ನೋಡಿ ಕೂಗಬೇಕಿತ್ತು. ಅವನು ಹಸಿರು ಎಂದದ್ದು ಯಾಕೆ? ನಾನು ನಡುವಿನವನ ಭಾಗವನ್ನು ತೆರೆದು ಮೇಲಿನಿಂದ ಓದುತ್ತ ಬಂದೆ. ಆ ಸಾಲು ಅಲ್ಲೇ ಇತ್ತು. ಅದನ್ನು ಮೂರು ಸಲ ಓದಿದೆ. ಆಮೇಲೆ ಅಳು ಬಂತು, ಅದೂ ಸತ್ತವರಿಗಾಗಿ ಅಲ್ಲ, ನನ್ನ ಗತಿ ಏನು ಎಂದು. ಹಿನ್ನೋಲೆಯಲ್ಲಿ ಸುಳ್ಳು ಬರೆಯಬಾರದು ಎಂಬ ನಿಯಮ ಇದೆ, ಆದ್ದರಿಂದ ಇದನ್ನೂ ಬರೆದಿದ್ದೇನೆ.

ನೀಲಗಂಗವ್ವನ ಹತ್ತಿರ ಹೋಗಿ ಎಲ್ಲ ಹೇಳಿದೆ. ಅವಳು, "ಬಾಯಿ ಮುಚ್ಚಿಕೊಂಡು ಇರಬೇ. ಹಸಿರು ಸುಳ್ಳು ಅಂತ ಗೊತ್ತಾದ್ರ ನಾಳಿಂದ ಯಾರೂ ಬಾಗಿಲಾ ಮುಚ್ಚಂಗಿಲ್ಲ. ಮುಚ್ಚದಿದ್ರ ಕೆಳಗಿನ ಓಣಿಗೆ ಗಾಳಿ ಮುಟ್ಟಂಗಿಲ್ಲ. ಒಬ್ಬಾಂವ ಮ್ಯಾಲ ಇರ್ಲಿ, ಉಳಿದ ಮಂದಿ ಬದಕಲಿ" ಎಂದಳು. ಅವಳ ಮಾತಿನಲ್ಲಿ ಹುರುಳಿತ್ತು. ನನಗಂತೂ ಹಾಲು ಕುಡಿದಷ್ಟು ಸಂತೋಷವಾಯಿತು. ಬಂದು ಆ ಸಾಲನ್ನು ಅಳಿಸಿದೆ, ಮೂರನೆಯ ಸ್ಥಿತಿಯನ್ನು ಸೇರಿಸಿದೆ, ಹಳದಿ ಬಣ್ಣ ತಂದೆ. ಸರಿಯಾಗಿ ಎರಡು ದಿನ ಹಿಡಿಯಿತು. ಜನ ಅದಕ್ಕೆ ಅಮಾತೆಮ್ಮನ ಹಳದಿ ಎಂದು ಹೆಸರಿಟ್ಟು ನನ್ನನ್ನು ಹೊಗಳಿದರು. ಹೊಗಳಿಸಿಕೊಂಡು ನಾಲ್ಕು ತಿಂಗಳು ಉಂಡೆ, ಮಲಗಿದೆ. ಪ್ರತಿ ವಾರ ತೊಟ್ಟಿಲು ಇಳಿದು ಬಂದಾಗ ಖಾಜಾ ಇದ್ದಾನೋ ಇಲ್ಲವೋ ಎಂದು ವಿಚಾರಿಸುತ್ತಿದ್ದೆ. ಇದ್ದಾನೆ ಎಂದರೆ ಸಮಾಧಾನವಾಗುತ್ತಿತ್ತು, ಇಲ್ಲ ಎಂದಿದ್ದರೂ ಬಹುಶಃ ಆಗುತ್ತಿತ್ತು. ಈ ಎರಡನೆಯ ಮಾತನ್ನು ಬರೆಯಲು ನನಗೆ ಅಸಹ್ಯವಾಗುತ್ತಿದೆ.

ಹದಿನೈದು ದಿನದ ಹಿಂದೆ ಯಂಕೋಬ ಫ್ಯಾನಿನ ಕೆಲಸಕ್ಕೆ ಮೇಲೆ ಹೋಗಿ ಬಂದ. ಒಳ್ಳೆಯ ಸುದ್ದಿ ತಂದವನ ಹಾಗೆ ಹೇಳಿದ. "ಖಾಜಾ ಕಡೀಕೂ ಒಪ್ಪಿಕೊಂಡಾನ ನೋಡ್ರೀ. ನಾನಽ ತೂಕಡಿಸಿರಬೇಕು, ಕನಸಿನಾಗ ಹಸಿರು ಕಂಡಿರಬೇಕು, ಮಾಬವ್ವನ್ನ ನಾನಽ ಕೊಂದೀನಿ ಅಂತ ಮ್ಯಾಲ ಹೋದವ್ರ ಮುಂದೆಲ್ಲಾ ಅಂತಾನ." ನಾನು ಅಂದುಕೊಂಡದ್ದು ಬೇರೆ. ಅವನು ಮೇಲೆ ಕೂತು ನನ್ನನ್ನು ಶಪಿಸುತ್ತಿರಬಹುದು, ಪಂಚರನ್ನು ಬೈಯುತ್ತಿರಬಹುದು, ಅದರಲ್ಲಿ ಅವನಿಗೊಂದು ಆಸರೆಯಾದರೂ ಇರಬಹುದು ಎಂದು. ತನ್ನ ಕಣ್ಣನ್ನೇ ನಂಬದೆ, ತಿರುಳಿನಿಂದ ನಾನು ಓದಿ ಹೇಳಿದ್ದನ್ನು ನಂಬುತ್ತಾನೆ ಎಂದು ಕನಸಿನಲ್ಲೂ ಎಣಿಸಿರಲಿಲ್ಲ. ಅವನ ಮಾಬವ್ವನನ್ನು ಕಿತ್ತುಕೊಂಡದ್ದು ಸಾಲದೆಂದು ಅವನು ಕಂಡದ್ದನ್ನೂ ಕಿತ್ತುಕೊಂಡಿದ್ದೆ. ಅವತ್ತೇ ಉಳಿದ ಆರೂ ಓಣಿಯವರನ್ನು ಕರೆಸಿ, ನೀಲಗಂಗವ್ವ ತಡೆಯುತ್ತಿದ್ದರೂ ಎಲ್ಲವನ್ನೂ ಹೇಳಿದೆ.

ಯಾರೂ ನನ್ನನ್ನು ಹೊಡೆಯಲಿಲ್ಲ. ಹೊಡೆದಿದ್ದರೆ ಚೆನ್ನಾಗಿತ್ತು. ಆದರೆ ನೀಲಗಂಗವ್ವ ಹೇಳಿದ್ದೂ ನಡೆಯಿತು: ನಾಲ್ಕು ದಿನ ಯಾ‌ರೂ ಬಾಗಿಲು ಮುಚ್ಚಲಿಲ್ಲ, ಗಾಳಿ ಸೋರಿತು, ಆರನೆಯ ಓಣಿಯಲ್ಲಿ ಇಬ್ಬರು ಮುದುಕರು ಸತ್ತರು. ಅವರನ್ನೂ ನನ್ನ ಹೆಸರಿಗೇ ಸೇರಿಸಿ ಎಂದು ಪಂಚರಿಗೆ ಹೇಳಿದ್ದೇನೆ. ಐದನೆಯ ದಿನದಿಂದ ಒಂದು ಏರ್ಪಾಡಾಯಿತು. ಪ್ರತಿ ಗೇಟಿನ ಬಳಿ ಒಬ್ಬರು ಬಟ್ಟೆಯ ಪಟ್ಟಿ ಹಿಡಿದು ನಿಲ್ಲುತ್ತಾರೆ. ಪಟ್ಟಿ ಹಾರಾಡಿದರೆ ಕೊಳವೆಯಲ್ಲಿ ಕೂಗುತ್ತಾರೆ, ಆಮೇಲೆ ಮಾತ್ರ ಬಾಗಿಲು ಮುಚ್ಚುತ್ತದೆ. ನನ್ನ ಶಿಕ್ಷೆ ನಾನೇ ಕೇಳಿಕೊಂಡದ್ದು: ಮೇಲೆ ಒರೆಸುವವರು ಒಬ್ಬರು ಇರಲೇಬೇಕು, ಖಾಜಾನ ಜಾಗಕ್ಕೆ ನಾನು, ನನ್ನ ಜೀವ ಇರುವವರೆಗೆ. ಐವತ್ತೆಂಟರ ದೇಹ ಎಷ್ಟು ದಿನ ತಡೆದೀತು ಎಂಬುದು ಎಲ್ಲರಿಗೂ ಗೊತ್ತು, ಯಾರೂ ಬಾಯಿ ಬಿಟ್ಟು ಹೇಳಲಿಲ್ಲ.

ಈಗ ವಿಜ್ಞಾಪನೆ. ದಯವಿಟ್ಟು ಆ ಒಂದು ವಾಕ್ಯವನ್ನು ಅಳಿಸಿ. ತಪ್ಪನ್ನು ನಿಮ್ಮ ತಲೆಗೆ ಕಟ್ಟುತ್ತಿಲ್ಲ. ನೀವು ಬರೆದದ್ದು ಪುಸ್ತಕದ ಕಪಾಟಿಗೆ, ಅಲ್ಲಿ ಹೆಚ್ಚೆಂದರೆ ಇಲ್ಲದ ಪುಸ್ತಕ ಇದೆ ಎಂದು ಕಾಣುತ್ತಿತ್ತು. ಆದರೆ ನಿಮ್ಮ ಪಾಠ ಎಲ್ಲಿಗೆ ಹೋಗುತ್ತದೆ, ಯಾರ ಕೈಗೆ ಸಿಗುತ್ತದೆ ಎಂದು ನಿಮಗೆ ಗೊತ್ತಿಲ್ಲ. ಸಣ್ಣ ಅಪ್ಲಿಕೇಶನ್ ಎಂದಿರಿ. ಏಳು ಗೇಟು, ಏಳು ಗುಂಡಿ, ಎರಡು ಬಣ್ಣ. ಇದಕ್ಕಿಂತ ಸಣ್ಣದು ಇನ್ನೇನಿದ್ದೀತು? ಕಲಿಯುವ ಮಕ್ಕಳಿಗೆ ಹೇಳಿ, ಕಿಟಕಿ ತಡವಾಗಿ ಹೇಳಿದರೆ ಜನ ಬೈಯುತ್ತಾರೆ, ಬೈಸಿಕೊಳ್ಳಲಿ. ಕೆಲಸ ನಡೆಯುತ್ತಿದ್ದರೆ ನಡೆಯುತ್ತಿದೆ ಎಂದೇ ತೋರಿಸಲಿ. ಆಗಿದೆ ಎಂದು ತಿರುಳು ಹೇಳುವ ಮುಂಚೆ ಆಗಿದೆ ಎಂದು ನೋಟ ಹೇಳಬಾರದು. ಮೂರು ಭಾಗ ಮಾಡುವುದು ಬರವಣಿಗೆಯ ಅಂದಕ್ಕಾಗಿ ಎಂದು ನಾನು ಮೂವತ್ತು ವರ್ಷ ತಿಳಿದಿದ್ದೆ. ಈ ವಿಷಯದಲ್ಲಿ ನನ್ನಷ್ಟು ದಡ್ಡರು ನಿಮ್ಮ ತರಗತಿಯಲ್ಲಿ ಇರದಿರಲಿ.

ನಿನ್ನೆ ಒಂದು ತಾಸಿನ ಮಟ್ಟಿಗೆ ನನ್ನನ್ನು ಮೇಲೆ ಬಿಟ್ಟಿದ್ದರು, ಖಾಜಾನಿಗೆ ನಾನೇ ಹೇಳಬೇಕೆಂದು. ಬಿಸಿಲನ್ನು ನಾನು ಮೊದಲ ಸಲ ಕಂಡದ್ದು. ಕಾಣುವುದೆಂದರೇನು, ಕಣ್ಣು ಬಿಡಲಾಗಲಿಲ್ಲ. ಅವನು ಒದ್ದೆ ಗೋಣಿ ಹೊದ್ದು ಹಲಗೆ ಒರೆಸುತ್ತಿದ್ದ. ಅರ್ಧಕ್ಕರ್ಧ ಇಳಿದುಹೋಗಿದ್ದ, ಕಣ್ಣಿನ ಮೇಲೆ ಬಿಳಿಯ ಪೊರೆ ಬಂದಿತ್ತು, ನನ್ನನ್ನು ದನಿಯಿಂದ ಗುರುತು ಹಿಡಿದ. ನಾನು ಮೊದಲಿನಿಂದ ಹೇಳಿದೆ: ಹನ್ನೊಂದು ಸೆಕೆಂಡು, ಆ ಸಾಲು, ಕಲ್ಲು, ನೀಲಗಂಗವ್ವನ ಮಾತು, ನನ್ನ ಹೇಡಿತನ. ಅವನು ಒರೆಸುತ್ತಲೇ ಕೇಳಿದ. ಮುಗಿದ ಮೇಲೆ ಕೈ ನಿಂತಿತು.

"ಹಂಗಾರ ಹಸಿರು ಇತ್ತು?" ಎಂದ.

ಇತ್ತು ಎಂದೆ.

"ನಾ ತೂಕಡಿಸಿಲ್ಲ?"

"ಇಲ್ಲ, ಖಾಜಾ. ನೀ ನೋಡಿದ್ದು ಖರೇವ."

ಅವನು ಹಲಗೆಯ ನೆರಳಿಗೆ ಸರಿದು ಕೂತು ಗೋಣಿಯಲ್ಲಿ ಮುಖ ಮುಚ್ಚಿಕೊಂಡ. ನಾನು ಮುಟ್ಟಲು ಹೋಗಲಿಲ್ಲ. ಆಮೇಲೆ ಗೋಣಿ ಸರಿಸಿ, ನಾನು ನಿಂತ ಕಡೆಗೆ ಮುಖ ತಿರುಗಿಸಿ, ಸಿಟ್ಟಿಲ್ಲದ ದನಿಯಲ್ಲಿ ಕೇಳಿದ: "ಇಷ್ಟು ಹೇಳಾಕ ನಾಕು ತಿಂಗಳು ಬೇಕಾತೇನಬೇ ನಿನಗ?"

ನಾಳೆ ಬೆಳಗಿನ ಮೊದಲ ಪಾಳಿಗೆ ಮುಂಚೆ ತೊಟ್ಟಿಲು ಹೊರಡುತ್ತದೆ. ಇರುವುದು ಒಂದೇ ತೊಟ್ಟಿಲು, ಮೇಲೆ ಮುಟ್ಟಿ ನಾನು ಅದರಿಂದ ಇಳಿದ ನಂತರವೇ ಅವನು ಹತ್ತಬೇಕು. ಹತ್ತುವಾಗ ಅವನಿಗೆ ಕೈ ಹಿಡಿಯುವವರು ಬೇಕಾಗುತ್ತದೆ, ಆ ಕಣ್ಣಿಗೆ ಮೆಟ್ಟಿಲು ಕಾಣುವುದಿಲ್ಲ. ಅಲ್ಲಿ ಆಗ ನಾನೊಬ್ಬಳೇ ಇರುತ್ತೇನೆ. ಅವನು ನನ್ನ ಕೈ ಹಿಡಿಯುತ್ತಾನೋ ಇಲ್ಲವೋ ಗೊತ್ತಿಲ್ಲ.

ಗಾಳಿಯಿರುವಲ್ಲಿ ನೀವು ಚೆನ್ನಾಗಿರಿ.

ಅಮಾತೆಮ್ಮ
ಮೊನ್ನೆಯವರೆಗೆ ತಳದೂರಿನ ಕಿಟಕಿಯನ್ನು ನೋಡಿಕೊಂಡವಳು